ಲಿಂಬಿ ತೋಟದಾಗ ನೆಲ ಬೋಳು ಮಾಡಬ್ಯಾಡ್ರಿ

ವಿಜಯಪುರ ಜಿಲ್ಲಾದ ಇಂಡಿ ಕಡೆ ಲಿಂಬಿ ತೋಟ ನೋಡಾಕ ಬಂದೋರು ಮೊದಲು ಹೇಳೋ ಮಾತು "ಹೊಲ ಎಷ್ಟು ಹಸನ ಇಟ್ಟೀರಿ" ಅಂತ. ಹಸನ ಅಂದ್ರ ಒಂದು ಹುಲ್ಲಕಡ್ಡಿ ಇರಬಾರದು, ಗಿಡದ ಬುಡದಿಂದ ಬದುವಿನ ತನಕ ಹರಗಿ ಹರಗಿ ಮಣ್ಣು ಪುಡಿ ಆಗಿರಬೇಕು. ಜ್ವಾಳ, ಕಡ್ಲಿ ಹೊಲಕ್ಕ ಇದು ಸರಿ ಐತಿ, ಹಿರೇರು ಕಲಿಸಿದ್ದೂ ಅದನ್ನ. ಆದ್ರ ವರ್ಷಾನುಗಟ್ಟಲೆ ಒಂದೇ ಜಾಗದಾಗ ನಿಲ್ಲೋ ಲಿಂಬಿ ಗಿಡಕ್ಕ, ಅದರಾಗೂ ಸಾವಯವ ಮಾಡ್ತೀನಿ ಅನ್ನೋರಿಗೆ ಈ ಹಸನ ಬಾಳ ತುಟ್ಟಿ ಬೀಳ್ತೈತಿ.

ಲಿಂಬಿ ಗಿಡ ನೀರು-ಗೊಬ್ಬರ ಎಳಕೊಳ್ಳೋ ಸಣ್ಣ ಬೇರು ಬಾಳಷ್ಟು ಮ್ಯಾಲಿನ ಒಂದು ಅಡಿ ಮಣ್ಣಾಗೇ ಇರ್ತಾವ, ಗಿಡದ ಹತ್ತಿರ ರೋಟಾವೇಟರ್ ಹೊಡದ್ರ ಮೊದಲು ಹರಿಯೋದು ಅವೇ. ಈ ಜಾತಿ ಗಿಡಗಳಿಗೆ ಬೇರಿನ ಮ್ಯಾಲೆ ಕೂದಲಿನಂಥ ಎಳೆ ಕಡಿಮಿ, ಹಿಂಗಾಗಿ ರಂಜಕ, ಸತು ತಂದುಕೊಡಾಕ ಮೈಕೋರೈಜಾ ಅನ್ನೋ ಶಿಲೀಂಧ್ರದ ಆಸರ ಬೇಕಾಗ್ತೈತಿ. ಮಣ್ಣು ಕಲಕಿದಾಗೆಲ್ಲಾ ಆ ಶಿಲೀಂಧ್ರದ ಎಳಿ ಹರೀತಾವ, ಜೀವಂತ ಬೇರು ಇಲ್ಲದ ನೆಲದಾಗ ಅದು ಸೊರಗ್ತೈತಿ. ಮ್ಯಾಲೆ ನಮ್ಮ ಕಡೆ ಬಾಳ ಹೊಲ ಸುಣ್ಣದ ಹರಳಿನ ಮಣ್ಣು, ಮಣ್ಣಿನ ಕ್ಷಾರ ತೋರಿಸೋ ಪಿಎಚ್ 8 ದಾಟಿರ್ತೈತಿ, ಮಣ್ಣಾಗ ಕಬ್ಬಿಣ ಇದ್ರೂ ಗಿಡಕ್ಕ ಸಿಗಂಗಿಲ್ಲ. ಚಿಗುರೆಲಿ ಹಳದಿ ಆಗಿ ನರ ಅಷ್ಟೇ ಹಸಿರು ಉಳಿದದ್ದು ಕಂಡ್ರ ಮಂದಿ ಔಷಧದ ಅಂಗಡಿಗೆ ಓಡ್ತಾರ. ಸ್ಪ್ರೇ ಮಾಡಿದ್ರ ಆ ಚಿಗುರಿಗಷ್ಟೇ ಆತು, ಮುಂದಿನ ಚಿಗುರಿಗೆ ಮತ್ತ ಅದೇ ಕತಿ. ಕೊಳೆಯೋ ಸೊಪ್ಪು-ಸದಿ ಮಣ್ಣಿಗೆ ಸೇರ್ತಾ ಇದ್ರ ಮಾತ್ರ ಬೇರಿನ ಸುತ್ತ ಆ ಕಬ್ಬಿಣ ಕರಗಿ ಸಿಗೋ ಹಂಗ ಆಗ್ತೈತಿ.

ಇಲ್ಲಿ ರೈತರು ಒಂದು ಮಾತು ಕೇಳ್ತಾರ, ಅದು ಖರೇನೂ ಐತಿ. ಹಣ್ಣಾಗಿ ಕೆಳಗ ಬಿದ್ದ ಲಿಂಬಿ ಆರಿಸಾಕ ಹೆಣ್ಮಕ್ಕಳು ಗಿಡದ ಬುಡಕ್ಕ ಬಗ್ಗಿ ಹೋಗ್ಬೇಕು, ಮುಳ್ಳಂತೂ ಇದ್ದೇ ಇರ್ತಾವ, ಅದರ ಜೋಡಿ ಮೊಣಕಾಲು ಮಟ ಕಸ ಬೆಳದ್ರ ಹಣ್ಣು ಕಾಣಂಗಿಲ್ಲ, ಹಾವಿನ ಹೆದರಿಕಿ ಬ್ಯಾರೆ. ಅದಕ್ಕ ನಾನು ಹೇಳೋದು ಬುಡಕ್ಕ ಒಂದು ಪದ್ಧತಿ, ಸಾಲಿನ ನಡುವ ಇನ್ನೊಂದು ಪದ್ಧತಿ ಇರ್ಲಿ ಅಂತ. ಟೊಂಗಿ ಹರಡಿದಷ್ಟು ಜಾಗದಾಗ ಕಸ ಬ್ಯಾಡ, ಕೈಲೆ ಕಿತ್ತು ಅಲ್ಲೇ ಹಾಸ್ರಿ, ಮ್ಯಾಲೆ ಕಬ್ಬಿನ ರವದಿ ಇಲ್ಲಾ ತೊಗರಿ ಹೊಟ್ಟು ಹಾಕ್ರಿ. ಕಾಂಡಕ್ಕ ಮಾತ್ರ ತಾಗಬಾರದು, ಒಂದು ಗೇಣು ದೂರ ಇರ್ಲಿ, ಹಸಿ ಮುಚ್ಚಿಗಿ ಕಾಂಡಕ್ಕ ಹತ್ತಿಕೊಂಡು ಕುಂತ್ರ ಅಂಟು ಸೋರೋ ರೋಗಕ್ಕ ದಾರಿ ಆಗ್ತೈತಿ.

ಸಾಲಿನ ನಡುವ ಮುಂಗಾರಿಗೆ ಹಸಿರೆಲಿ ಗೊಬ್ಬರಕ್ಕ ಸೆಣಬು ಚೆಲ್ರಿ. 45-50 ದಿನಕ್ಕ, ಹೂವು ಶುರು ಆಗೋ ಹೊತ್ತಿಗೆ ಕತ್ತರಿಸಿ ಬುಡಕ್ಕ ಎಳದು ಹಾಕ್ರಿ, ತಡ ಮಾಡಿದ್ರ ನಾರು ಬಲಿತು ಕೊಳೆಯೋದು ನಿಧಾನ. ಸೆಣಬಿನ ನೆರಳಿಗೆ ಜೇಕು ಅನ್ನೋ ಗಡ್ಡಿ ಕಸ ಸೊರಗ್ತೈತಿ, ಇದು ಸಣ್ಣ ಲಾಭ ಅಲ್ಲ, ಯಾಕಂದ್ರ ಹರಗಿದಷ್ಟೂ ಜೇಕಿನ ಗಡ್ಡಿ ಬಿಡಿಬಿಡಿ ಆಗಿ ಹೊಲದ ತುಂಬ ಹರಡ್ತಾವ. ಹಂಗಂತ ಎಲ್ಲಾ ಕಸಾನೂ ಬೆಳಸ್ರಿ ಅಂತ ನಾನು ಹೇಳ್ತಿಲ್ಲ. ಕರಕಿ ಬ್ಯಾಡ, ಗಿಡದ ಪಾಲಿನ ನೀರೂ ಅದೇ ಕುಡೀತೈತಿ. ಕಾಂಗ್ರೆಸ್ ಕಸ ಹೂ ಬಿಡೋಕ್ಕಿಂತ ಮೊದಲೇ ಕೀಳ್ರಿ. ಉಳಿದ ಅಗಲೆಲಿ ಕಸ, ಸಣ್ಣ ಹೂವಿನವು, ಇರ್ಲಿ ಬಿಡ್ರಿ, ಗಿಡದ ರಸ ಹೀರೋ ಹೇನು ತಿನ್ನೋ ಗುಲಗಂಜಿ ಹುಳಕ್ಕ ಅಲ್ಲಿ ಆಸರ ಸಿಗ್ತೈತಿ. ದಕ್ಷಿಣ ಚೀನಾದ ಕಿತ್ತಳೆ ತೋಟದಾಗ ಅಜೆರಾಟಂ ಅನ್ನೋ ಕಸಾನ ಬೇಕಂತಲೇ ಬೆಳಸ್ತಾರ, ಅದರ ಪರಾಗ ತಿಂದು ಬದುಕೋ ಪರಭಕ್ಷಕ ನುಸಿ ಗಿಡದ ಕೆಂಪು ನುಸಿನೂ ತಿಂತಾವ.

ನೀರಿನ ಲೆಕ್ಕ ಬಾಳ ಮಂದಿ ಹಿಡಿಯಂಗಿಲ್ಲ. ನಮ್ಮ ಜಿಲ್ಲಾದಾಗ ಮಳಿ ವರ್ಷಕ್ಕ 600 ಮಿಲಿಮೀಟರ್ ಆಸುಪಾಸು, ಜಾಸ್ತಿ ಬೀಳೋದು ಸೆಪ್ಟೆಂಬರ್‌ದಾಗ. ಬ್ಯಾಸಿಗಿ ರೇಟ್ ಸಿಗಬೇಕಂದ್ರ ಹಸ್ತ ಬಹಾರ, ಅಂದ್ರ ಮಳಿಗಾಲ ಮುಗಿಯೋ ಹೊತ್ತಿನ ಹೂವು, ಹಿಡೀಬೇಕು, ಆ ಹೂವು ಬರಾಕ ನೀರು ನಿಲ್ಲಿಸಿ ಗಿಡ ಬಾಡಿಸಬೇಕಾಗಿದ್ದೂ ಅದೇ ದಿನದಾಗ. ಎರಿ ಮಣ್ಣು ಬೋಳು ಇದ್ರ ಒಳಗಿನ ಹಸಿ ಲಗೂನ ಆರಂಗಿಲ್ಲ. ಸೆಣಬು ಕತ್ತರಿಸಿದ ಮ್ಯಾಲೆ ಸಾಲಿನಾಗ ಏಳೋ ಕಸಾನ ಆಗ ಮುಟ್ಟಬ್ಯಾಡ್ರಿ, ಆ ಹೆಚ್ಚಿನ ಹಸಿ ಅದು ಎಳಕೊಳ್ಳಲಿ, ಬುಡದ ಮುಚ್ಚಿಗಿನೂ ಅಷ್ಟು ದಿನ ಸರಿಸಿ ಇಡ್ರಿ. ಮುಂದ ಗಿಡಕ್ಕ ನೀರು ಬಿಡೋ ದಿನಾನೇ ಬ್ರಷ್ ಕಟರ್‌ಲೆ ಕಸ ಕತ್ತರಿಸಿ ಮುಚ್ಚಿಗಿ ವಾಪಸ್ ಎಳೀರಿ. ಕತ್ತರಿಸಬೇಕು, ಬೇರು ಸಮೇತ ಕೀಳಬಾರದು, ಒಳಗಿನ ಬೇರು ಕೊಳೆತು ಮಾಡಿದ ಸಂದಿಯಾಗ ನೀರು ಇಳೀತೈತಿ.

ಮಾರ್ಚ್ ಆದ ಮ್ಯಾಲೆ ಬೋರ್‌ನಾಗ ನೀರು ಕಡಿಮಿ ಆತಂದ್ರ ಸಾಲಿನಾಗ ಹಸಿರು ಏನೂ ಉಳಸಬ್ಯಾಡ್ರಿ, ಎಲ್ಲಾ ಕತ್ತರಿಸಿ ಡ್ರಿಪ್ ಪೈಪಿನ ಮ್ಯಾಲೆ ನಾಕು ಬೆರಳು ದಪ್ಪ ಹಾಸ್ರಿ. ಒಣ ಮುಚ್ಚಿಗಿಗೆ ಒರಲಿ ಬರೋದೈತಿ, ವಾರಕ್ಕೊಮ್ಮೆ ಎತ್ತಿ ನೋಡ್ರಿ. ಸೆಣಬಿನ ಬೀಜ ಸಿಗದಿದ್ದೋರು ಅಲಸಂದಿ ಇಲ್ಲಾ ಹುರಳಿ ಹಾಕಿದ್ರೂ ನಡೀತೈತಿ, ಹಂಗ ಮಾಡಿದ್ರ ದನಕ್ಕ ಒಂದಿಷ್ಟು ಮೇವೂ ಆಗ್ತೈತಿ.