ಮಕ್ಕಳ ವಿಮೆಗೆ ‘ಬೇಡ’ ಅಂದ ಕ್ಯಾಥೊಲಿಕರು ಚರ್ಚಿನ ಮಾತು ಮೀರಿದರೇ?

ಅಮೆರಿಕದ ರಾಜಕಾರಣದ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆ ಇದು: ಗರ್ಭಪಾತದ ಹಕ್ಕನ್ನು ಬೆಂಬಲಿಸುವ ಕ್ಯಾಥೊಲಿಕ್ ರಾಜಕಾರಣಿಗೆ ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ ಭಕ್ತರಿಗೆ ಕೊಡುವ ಪವಿತ್ರ ರೊಟ್ಟಿ) ಕೊಡಬಾರದು ಎನ್ನುವ ಬಿಷಪರಿದ್ದಾರೆ, ಬಡಮಕ್ಕಳ ಆರೋಗ್ಯ ವಿಮೆಯ ವಿರುದ್ಧ ಮತ ಹಾಕಿದವರಿಗೆ ಯಾಕೆ ಹಾಗೆ ಮಾಡುವುದಿಲ್ಲ?

ಚರ್ಚು ಗುರಿಯನ್ನು ಕಡ್ಡಾಯ ಮಾಡುತ್ತದೆ, ಮಸೂದೆಯನ್ನಲ್ಲ. ಆ ಸಡಿಲಿಕೆಯನ್ನು ಎಷ್ಟು ಎಳೆಯಬಹುದು ಎನ್ನುವುದರಲ್ಲೇ ಜಗಳ. ಎಸ್‌ಚಿಪ್ ಎಂಬ ಮಕ್ಕಳ ಸರ್ಕಾರಿ ಆರೋಗ್ಯ ವಿಮೆ ಯೋಜನೆಯ ಸುತ್ತ 2007ರಲ್ಲಿ ಎದ್ದ ಗಲಾಟೆಯಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ಎಸ್‌ಚಿಪ್ ಹುಟ್ಟಿದ್ದು 1997ರಲ್ಲಿ. ತಂದವರು ಕ್ಯಾಥೊಲಿಕ್ ಡೆಮಾಕ್ರಟ್ ಟೆಡ್ ಕೆನಡಿ ಮತ್ತು ಮಾರ್ಮನ್ ರಿಪಬ್ಲಿಕನ್ ಓರಿನ್ ಹ್ಯಾಚ್. ಕಡುಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ವಿಮೆ ಇದೆ. ಅದರ ಆದಾಯ ಮಿತಿಗಿಂತ ತುಸು ಮೇಲಿದ್ದು, ಖಾಸಗಿ ವಿಮೆ ಕೊಳ್ಳಲಾಗದ ಮನೆಗಳ ಮಕ್ಕಳಿಗೆ ಇದು. ಬಿಪಿಎಲ್ ಕಾರ್ಡು ಕೂದಲೆಳೆಯಲ್ಲಿ ತಪ್ಪಿದ ಕುಟುಂಬವನ್ನು ನೆನೆಸಿಕೊಳ್ಳಿ. 2007ರಲ್ಲಿ ನಾಲ್ವರ ಕುಟುಂಬಕ್ಕೆ ಬಡತನ ರೇಖೆ ವರ್ಷಕ್ಕೆ 20,650 ಡಾಲರ್. ಅದರ ಎರಡು ಪಟ್ಟು, ಅಂದರೆ 41,300 ಡಾಲರ್, ಹಲವು ರಾಜ್ಯಗಳ ಮಿತಿ. ತೊಡಕಿರುವುದು ಹಣದಲ್ಲಿ. ಮೆಡಿಕೇಡ್‌ನಲ್ಲಿ ಅರ್ಹರೆಲ್ಲರಿಗೂ ಕೊಡಲೇಬೇಕು. ಎಸ್‌ಚಿಪ್‌ಗೆ ಕೇಂದ್ರ ಕೊಡುವುದು ಗೊತ್ತುಪಡಿಸಿದ ಮೊತ್ತ. ಅದು ಮುಗಿದರೆ ಬಾಗಿಲು ಹಾಕಬೇಕು. 2007ರ ಮಾರ್ಚ್‌ನಲ್ಲಿ ಜಾರ್ಜಿಯಾ ಹೊಸ ಸೇರ್ಪಡೆ ನಿಲ್ಲಿಸಿತು.

ಐದು ವರ್ಷಕ್ಕೆ ಹೆಚ್ಚುವರಿ 3,500 ಕೋಟಿ ಡಾಲರ್ ಕೊಡುವ ಮಸೂದೆ ಆ ವರ್ಷ ಪಾಸಾಯಿತು. ಅದಕ್ಕಾಗಿ ಸಿಗರೇಟ್ ಪ್ಯಾಕಿನ ತೆರಿಗೆ 39 ಸೆಂಟಿನಿಂದ 1 ಡಾಲರಿಗೆ ಏರಬೇಕಿತ್ತು. ಅಕ್ಟೋಬರ್ 3ರಂದು ಅಧ್ಯಕ್ಷ ಬುಷ್ ವೀಟೊ ಮಾಡಿದರು, ಅಂದರೆ ಮಸೂದೆಯನ್ನು ತಳ್ಳಿಹಾಕಿದರು. 18ರಂದು ಕೆಳಮನೆಯಲ್ಲಿ ವೀಟೊ ಮುರಿಯಲು ಬಿದ್ದದ್ದು 273 ಮತ, ವಿರುದ್ಧ 156. ಅದಕ್ಕೆ ಬೇಕಾದ ಮೂರನೇ ಎರಡರಷ್ಟಕ್ಕೆ 13 ಕಡಿಮೆ. ಮಸೂದೆಯ ಪರ ನಿಂತ ಸ್ಪೀಕರ್ ನ್ಯಾನ್ಸಿ ಪೆಲೋಸಿ ಕ್ಯಾಥೊಲಿಕ್, ವಿರೋಧಿಸಿದ ರಿಪಬ್ಲಿಕನ್ ನಾಯಕ ಜಾನ್ ಬೇನರ್ ಕೂಡ ಕ್ಯಾಥೊಲಿಕ್. ಕ್ಯಾಥೊಲಿಕ್ ಆಸ್ಪತ್ರೆಗಳ ಒಕ್ಕೂಟ ಮಸೂದೆಯ ಪರ ಇತ್ತು. ಕ್ಯಾಥೊಲಿಕ್ಸ್ ಯುನೈಟೆಡ್ ಎಂಬ ಸಂಘಟನೆ, ಗರ್ಭಪಾತ ವಿರೋಧಿಸುತ್ತಲೇ ‘ಬೇಡ’ ಅಂದ ಹತ್ತು ಸದಸ್ಯರ ವಿರುದ್ಧ ರೇಡಿಯೊ ಜಾಹೀರಾತು ಹಾಕಿತು.

‘ಬೇಡ’ ಅಂದವರ ಒಂದು ವಾದ: 83,000 ಡಾಲರ್ ಸಂಪಾದಿಸುವವರಿಗೂ ಸರ್ಕಾರಿ ವಿಮೆಯೇ? ಇದು ನ್ಯೂಯಾರ್ಕ್ ರಾಜ್ಯ ಕೇಳಿದ್ದ, ಬಡತನ ರೇಖೆಯ 400 ಶೇಕಡಾ ಮಿತಿಯ ಲೆಕ್ಕ, ಅದನ್ನು ಕೇಂದ್ರ ಆಗಲೇ ತಿರಸ್ಕರಿಸಿತ್ತು. ಸರ್ಕಾರಿ ವಿಮೆ ಸಿಕ್ಕರೆ ಕೆಲವರು ಕಂಪನಿಯ ವಿಮೆ ಬಿಡುತ್ತಾರೆ ಎಂಬ ವಾದಕ್ಕೆ ಮಾತ್ರ ತೂಕವಿದೆ.

ಇನ್ನೊಂದು ವಾದ ಹೊಟ್ಟೆಯಲ್ಲಿರುವ ಮಗುವಿನದು. 2002ರ ನಿಯಮದ ಪ್ರಕಾರ ‘ಮಗು’ ಎಂದರೆ ಗರ್ಭ ಕಟ್ಟಿದಾಗಿನಿಂದ 19 ವರ್ಷದವರೆಗೆ, ಒಪ್ಪಿಕೊಂಡ ರಾಜ್ಯಗಳಲ್ಲಿ. ಹಾಗಾಗಿ ದಾಖಲೆ ಇಲ್ಲದ ವಲಸಿಗ ತಾಯಿ ತಾನು ಅನರ್ಹಳಾದರೂ ಭ್ರೂಣದ ಹೆಸರಿನಲ್ಲಿ ಸ್ಕ್ಯಾನಿಂಗ್, ರಕ್ತಪರೀಕ್ಷೆ, ಹೆರಿಗೆ ಎಲ್ಲ ಪಡೆಯಬಹುದಿತ್ತು. ವಿಚಿತ್ರವೆಂದರೆ ಹೆರಿಗೆಯಾದೊಡನೆ ವಿಮೆ ಕೂಸಿನ ಜೊತೆ ಹೊರಬರುತ್ತದೆ. ಬಾಣಂತನದ ತಪಾಸಣೆ ಹೆರಿಗೆಯ ಒಟ್ಟು ಬಿಲ್ಲಿನಲ್ಲಿ ಸೇರಿರದಿದ್ದರೆ ತಾಯಿಗೆ ಏನೂ ಇಲ್ಲ. ಈ ನಿಯಮವನ್ನು ಕಾಯ್ದೆಯಲ್ಲೇ ಬರೆದಿಲ್ಲವೆಂಬುದು ಅವರ ಆಕ್ಷೇಪ. ಮಸೂದೆ ಅದನ್ನು ರದ್ದೂ ಮಾಡಿರಲಿಲ್ಲ.

ಚರ್ಚಿನ ಬೋಧನೆಗೆ ಬರೋಣ. 1963ರ ತಮ್ಮ ಪತ್ರದಲ್ಲಿ ಪೋಪ್ 23ನೇ ಜಾನ್ ಅನ್ನ, ಬಟ್ಟೆ, ಸೂರಿನ ಜೊತೆಗೇ ವೈದ್ಯಕೀಯ ಆರೈಕೆಯನ್ನೂ ಹಕ್ಕೆಂದು ಎಣಿಸಿದ್ದಾರೆ. ಕೆಳಗಿನವರು ಮಾಡಬಲ್ಲದ್ದನ್ನು ಮೇಲಿನ ಸರ್ಕಾರ ಕಿತ್ತುಕೊಳ್ಳಬಾರದು ಎಂದು 11ನೇ ಪಯಸ್ 1931ರಲ್ಲೇ ಹೇಳಿದ್ದರು. ಬೇನರ್ ಥರದವರಿಗೆ ಇದು ಆಸರೆ. ಗರ್ಭಪಾತ ಚರ್ಚಿನ ದೃಷ್ಟಿಯಲ್ಲಿ ಯಾವ ಸಂದರ್ಭದಲ್ಲೂ ತಪ್ಪೇ ಆದ ಕೃತ್ಯ. ವಿಮೆಯ ದಾರಿ ಯಾವುದು, ದುಡ್ಡು ಎಲ್ಲಿಂದ ಎಂಬುದು ವಿವೇಚನೆಗೆ ಬಿಟ್ಟದ್ದು. 2022ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಆರ್ಚ್‌ಬಿಷಪ್ ಪೆಲೋಸಿಗೆ ಪರಮಪ್ರಸಾದ ನಿರಾಕರಿಸಿದ್ದಕ್ಕೂ 2007ರ ಮತಕ್ಕೆ ಯಾರಿಗೂ ಹಾಗಾಗದಿದ್ದಕ್ಕೂ ಕಾರಣ ಈ ವ್ಯತ್ಯಾಸ. ಆದರೆ ವಿವೇಚನೆಗೆ ಬಿಟ್ಟದ್ದು ಎಂದರೆ ಕೈತೊಳೆದುಕೊಳ್ಳಲು ಪರವಾನಗಿ ಎಂದಲ್ಲ. ಈ ದಾರಿ ಬೇಡವೆಂದವರು ಜಾರ್ಜಿಯಾದ ಬಾಗಿಲಲ್ಲಿ ನಿಂತ ಮಗುವಿಗೆ ಬೇರೆ ದಾರಿ ತೋರಿಸಬೇಕು, ಲೆಕ್ಕದ ಸಮೇತ. ನಮ್ಮ ಪ್ರಕಾರ ಅಂದು ಬಹುತೇಕರು ತೋರಿಸಲಿಲ್ಲ.

2009ರ ಫೆಬ್ರವರಿ 4ರಂದು ಒಬಾಮ ಸಹಿ ಹಾಕಿ ಯೋಜನೆ ವಿಸ್ತರಣೆಯಾಯಿತು. ಆಮೇಲೂ ಮಕ್ಕಳು ಪಟ್ಟಿಯಿಂದ ಉದುರುತ್ತಲೇ ಇದ್ದರು: ನವೀಕರಣದ ಫಾರಂ ಹಳೆಯ ವಿಳಾಸಕ್ಕೆ ಹೋಗುತ್ತದೆ, ಒಂದು ತಿಂಗಳ ಓವರ್‌ಟೈಮ್ ಆದಾಯವನ್ನು ಮಿತಿ ದಾಟಿಸುತ್ತದೆ, ಹೆಸರು ಹೋಗುತ್ತದೆ. ಒಮ್ಮೆ ಸೇರಿದ ಮಗುವನ್ನು ಆದಾಯ ಏರಿತೆಂದು 12 ತಿಂಗಳು ಕೈಬಿಡುವಂತಿಲ್ಲ ಎಂಬುದು ಎಲ್ಲ ರಾಜ್ಯಗಳಿಗೂ ಕಡ್ಡಾಯವಾದದ್ದು 2024ರ ಜನವರಿ 1ರಿಂದ.