ಗುಲಾಬಿಗೆ ತಿರುಗಿದ ಬಿಳಿ

ಹೋದ ವರ್ಷ ಆಷಾಢದಲ್ಲಿ ಕಬಡ್ಡಿ ಹುಡುಗರ 40 ಟೀ ಶರ್ಟು ಪ್ರಿಂಟ್ ಮಾಡಿದ್ದೆ. ಮರೂನ್ ಬಟ್ಟೆ, ಎದೆ ಮೇಲೆ ಬಿಳಿ ಅಕ್ಷರ. ರಾತ್ರಿ ಮಡಚಿ ಇಡುವಾಗ ಅಚ್ಚ ಬಿಳಿ. ಬೆಳಿಗ್ಗೆ ಒಂದನ್ನು ಬಿಚ್ಚಿ ನೋಡಿದರೆ ತಿಳಿ ಗುಲಾಬಿ. ಇನ್ನೊಂದು ಬಿಚ್ಚಿದೆ, ಅದೂ ಹಾಗೇ. 40 ಶರ್ಟೂ ಹಾಗೇ. ನನ್ನ ಕೈಕಾಲು ತಣ್ಣಗಾದವು.

ನಮ್ಮದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ಮನೆ ಹಿಂದಿನ ಶೀಟಿನ ಶೆಡ್ಡಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಚೌಕಟ್ಟಿಗೆ ಬಿಗಿದ ಜಾಲರಿಯ ಮೂಲಕ ಬಟ್ಟೆ ಮೇಲೆ ಇಂಕ್ ಎಳೆಯುವ ಕೆಲಸ. ಮಾವನವರು ಇಲ್ಲಿನ ಕಾಟನ್ ಮಿಲ್ಲಿನಲ್ಲಿ ದುಡಿದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ ಕಂಡವರು. ಶರ್ಟಿನ ಅಂಚಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟರು. ಎಳೆ ಕರಗಿ ಸಣ್ಣ ಗಟ್ಟಿ ಮಣಿಯಾಯಿತು.

“ಇದು ಹತ್ತಿ ಅಲ್ಲವ್ವಾ, ಪಾಲಿಯೆಸ್ಟರ್. ಹತ್ತಿ ಆಗಿದ್ರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರ್ತಿತ್ತು” ಅಂದರು.

ಬಟ್ಟೆ ಕೊಟ್ಟವರು ಪೂರ್ತಿ ಕಾಟನ್ ಅಂದಿದ್ದರು. ನಾನು ಸುಮ್ನೆ ನಂಬಿಬಿಟ್ಟಿದ್ದೆ.

ಪಾಲಿಯೆಸ್ಟರಿಗೆ ಹಾಕಿದ ಬಣ್ಣ ಜಾಸ್ತಿ ಬಿಸಿ ತಾಗಿದರೆ ಆವಿಯಾಗಿ ಏಳುತ್ತದೆ. ನಾನು ಬಳಸುವ ಪ್ಲಾಸ್ಟಿಸಾಲ್ ಇಂಕ್ ಗಟ್ಟಿಯಾಗಲು ಸುಮಾರು 160 ಡಿಗ್ರಿ ಶಾಖ ಬೇಕು. ಅಷ್ಟು ಬಿಸಿಗೆ ಮರೂನ್ ಎದ್ದು ಬಿಳಿಯೊಳಗೆ ಸೇರಿಕೊಂಡಿತ್ತು. ಬಿಸಿ ಆರುವ ಮೊದಲೇ ಒಂದರ ಮೇಲೊಂದು ಪೇರಿಸಿಟ್ಟಿದ್ದೆನಲ್ಲ, ಅದರಿಂದ ಇನ್ನೂ ಜಾಸ್ತಿಯಾಯಿತು. ಈಗ ಪಾಲಿಯೆಸ್ಟರ್ ಬಂದರೆ ಮೊದಲು ಬಟ್ಟೆಯ ಬಣ್ಣ ಮೇಲೇಳದಂತೆ ತಡೆಯುವ ಬೂದು ಬಣ್ಣದ ಬ್ಲಾಕರ್ ಒಂದು ಕೋಟು. ಮೇಲೆ ಕಡಿಮೆ ಶಾಖಕ್ಕೇ ಗಟ್ಟಿಯಾಗುವ ಬಿಳಿ. ಆಮೇಲೆ ತಂತಿ ಮೇಲೆ ಹರವಿ, ಪೂರ್ತಿ ತಣ್ಣಗಾದ ಮೇಲೇ ಮಡಚುತ್ತೇನೆ.

ಆ ಹುಡುಗರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. “ನಾಳಿದ್ದು ಮ್ಯಾಚ್ ಐತಕ್ಕಾ” ಅಂದ ಒಬ್ಬ. ಪೇಟೆಗೆ ಓಡಿ ಹತ್ತಿ ಶರ್ಟು ತಂದು, ಎರಡು ರಾತ್ರಿ ಕೂತು ಮತ್ತೆ ಮಾಡಿಕೊಟ್ಟೆ. ಲಾಭ ಹೋಯಿತು. ಅವರ ಆಟ ನಿಲ್ಲಲಿಲ್ಲ.

ಹತ್ತಿಯಲ್ಲಿ ಬಣ್ಣ ಏಳುವ ಕಾಟ ಇಲ್ಲ. ಆದರೆ ಕಪ್ಪು ಬಟ್ಟೆಯನ್ನು ಬಿಳಿ ಇಂಕಿನಿಂದ ಮುಚ್ಚುವುದು ಸುಲಭವಲ್ಲ. ಮೊದಮೊದಲು ಒಂದೇ ಸಲಕ್ಕೆ ದಪ್ಪಗೆ ಎಳೆಯುತ್ತಿದ್ದೆ. ಇಂಕ್ ಎಳೆಯುವ ರಬ್ಬರ್ ಪಟ್ಟಿ ಸ್ಕ್ವೀಜಿಯನ್ನು ಒತ್ತಿ ಒತ್ತಿ ಭುಜ ನೋಯುತ್ತಿತ್ತು. ಒತ್ತಿದಷ್ಟೂ ಇಂಕ್ ನೂಲಿನೊಳಗೆ ಇಳಿಯುತ್ತದೆ, ಮೇಲೆ ನಿಲ್ಲುವುದಿಲ್ಲ. ಬಿಳಿ ಮಾಸಿದ ಹಾಗೆ ಕಾಣುತ್ತದೆ. ಕನ್ನಡ ಅಕ್ಷರಕ್ಕಂತೂ ಇದು ದೊಡ್ಡ ಪೆಟ್ಟು. ‘ಠ’ದೊಳಗಿನ ಚುಕ್ಕೆ ಸುತ್ತಲಿನ ಜಾಗ ಮುಚ್ಚಿಹೋಗುತ್ತದೆ. ‘ಕಬಡ್ಡಿ’ಯ ಒತ್ತು ಬರೀ ಬಿಳಿ ಮುದ್ದೆ. ಒತ್ತು ಓದಲಾಗದ ಶರ್ಟನ್ನು ಕೊಡಲು ನನಗೆ ಮನಸ್ಸೇ ಬರುವುದಿಲ್ಲ. ಅದು ಅವರು ಎದೆ ಮೇಲೆ ಹೊತ್ತು ತಿರುಗುವ ಹೆಸರು ಅಲ್ವಾ?

ಈಗ ತೆಳ್ಳಗೆ ಎರಡು ಕೋಟು, ನಡುವೆ ಫ್ಲ್ಯಾಷ್, ಅಂದರೆ ಸ್ವಲ್ಪ ಹೊತ್ತು ಶಾಖ ಕೊಟ್ಟು ಮೊದಲ ಕೋಟನ್ನು ಅರ್ಧ ಗಟ್ಟಿ ಮಾಡುವುದು. ಬಿಳಿ ಇಂಕ್ ಡಬ್ಬಿಯಲ್ಲಿ ಬೆಣ್ಣೆಯ ಹಾಗೆ ಗಟ್ಟಿ ಇರುತ್ತದೆ, ಚೆನ್ನಾಗಿ ಕಲಕಿದರೆ ತಾನೇ ಸಡಿಲಾಗುತ್ತದೆ. ದಪ್ಪ ಅಕ್ಷರಕ್ಕೆ ಸೆಂಟಿಮೀಟರಿಗೆ 43 ಎಳೆಯ ಜಾಲರಿ, ಒತ್ತಕ್ಷರ ಇರುವ ಸಣ್ಣ ಸಾಲಿಗೆ 61. ಸ್ಕ್ರೀನಿಗೂ ಬಟ್ಟೆಗೂ ಎರಡು ನಾಣ್ಯದಷ್ಟು ಅಂತರ. ಬಟ್ಟೆ ಹಲಗೆಗೆ ಗಮ್ಮಿನಿಂದ ಅಂಟಿರಬೇಕು. ಕೂದಲೆಳೆಯಷ್ಟು ಸರಿದರೂ ಅಕ್ಷರ ಜೋಡಿಯಾಗಿ ಕಾಣುತ್ತದೆ.

ಫ್ಲ್ಯಾಷ್ ಮಾತ್ರ ಕೈಗೆ ಕೂರಲು ತಿಂಗಳುಗಟ್ಟಲೆ ಹಿಡಿಯಿತು. ಬೆರಳಿಗೆ ಅಂಟಬಾರದು, ಅಷ್ಟು ಸಾಕು. ಜಾಸ್ತಿ ಬೇಯಿಸಿದರೆ ಎರಡನೇ ಕೋಟು ಹಿಡಿಯದೆ, ಒಗೆದಾಗ ಸಿಪ್ಪೆಯ ಹಾಗೆ ಏಳುತ್ತದೆ. 10–15 ಶರ್ಟಾದ ಮೇಲೆ ಹಲಗೆಯೇ ಕಾದಿರುತ್ತದೆ. ಆಗ ಸಮಯ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಇಂಕ್ ಸ್ಕ್ರೀನಿನ ಅಡಿಯಲ್ಲೇ ಗಟ್ಟಿಯಾಗಿ ಜಾಲರಿಯ ಕಣ್ಣು ಕಟ್ಟುತ್ತದೆ. ಆಷಾಢದಲ್ಲಿ ಇದಕ್ಕೆ ಉಲ್ಟಾ. ನಮ್ಮೂರ ಗಾಳಿ ಶೀಟಿನ ಸಂದಿಯಲ್ಲಿ ನುಗ್ಗಿ ಬಿಸಿಯನ್ನೇ ಹೊತ್ತೊಯ್ಯುತ್ತದೆ, ಜೊತೆಗೆ ದೂಳು ಬೇರೆ. ಕಿಟಕಿಗೆ ಗೋಣಿಚೀಲ ಕಟ್ಟಿ, ಬೆವರುತ್ತಾ ಕೆಲಸ ಮಾಡುತ್ತೇನೆ.

ಕೊನೆಗೆ ಹೀಟ್ ಪ್ರೆಸ್ಸಿನ ಬಿಸಿಯಲ್ಲಿ ಇಂಕನ್ನು ಪೂರ್ತಿ ಬೇಯಿಸುತ್ತೇನೆ. ತಣ್ಣಗಾದ ಮೇಲೆ ಅಕ್ಷರವನ್ನು ಎರಡೂ ಕಡೆ ಹಿಡಿದು ಎಳೆಯುತ್ತೇನೆ. ಬಿರುಕು ಬಿಟ್ಟರೆ ಮೇಲೆ ಬೆಂದಿದೆ, ಅಡಿಯಲ್ಲಿ ಹಸಿ ಇದೆ ಅಂತ ಅರ್ಥ. ಅಂಥದ್ದು ಮತ್ತೆ ಪ್ರೆಸ್ಸಿಗೆ.

ಈ ವಾರ ಗಣಪತಿ ಕೂರಿಸುವ ಹುಡುಗರ 60 ಕಪ್ಪು ಶರ್ಟು ಬಂದಿವೆ. ನಾನು ಕರೆಯುವ ಮೊದಲೇ ಮಾವನವರು ಬೆಂಕಿಪೊಟ್ಟಣ ಹಿಡಿದು ಬಂದರು. ಬೂದಿ ಉದುರಿತು. ಹತ್ತಿಯೇ. ಆದರೂ ಒಂದೇ ಒಂದು ಶರ್ಟು ಪ್ರಿಂಟ್ ಮಾಡಿ ತಂತಿ ಮೇಲೆ ಬಿಟ್ಟಿದ್ದೇನೆ. ಬೆಳಿಗ್ಗೆ ಅದನ್ನು ನೋಡಿ ಉಳಿದ 59 ಶುರು ಮಾಡಬೇಕು.