ಬ್ಯಾಂಕಿನ ಗೋಪುರದಲ್ಲಿ ವೆಲ್ಡ್ ಹೋಗಿ ಬೋಲ್ಟ್ ಬಂದಾಗ

ನಾನು ಬೆಂಗಳೂರಿನಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್. ಗೋದಾಮು, ಕಾರ್ಖಾನೆಯ ಶೆಡ್ಡು, ಆರೇಳು ಮಹಡಿಯ ಉಕ್ಕಿನ ಆಫೀಸು, ಇಂಥವೇ ನಮ್ಮ ಕೆಲಸಗಳು. ಡಿಸೈನ್ ಮುಗಿದ ಮೇಲೆ ಫ್ಯಾಬ್ರಿಕೇಟರ್ (ಉಕ್ಕಿನ ಭಾಗಗಳನ್ನು ತಯಾರಿಸಿಕೊಡುವವರು) ಕಳಿಸುವ ಶಾಪ್ ಡ್ರಾಯಿಂಗ್, ಅಂದರೆ ತಯಾರಿಕೆಯ ನಕ್ಷೆ, ನೋಡಿ ಒಪ್ಪಿಗೆ ಕೊಡುವುದರಲ್ಲೇ ನನ್ನ ದಿನದ ದೊಡ್ಡ ಪಾಲು ಕಳೆಯುತ್ತದೆ. ಆ ಡ್ರಾಯಿಂಗ್ ಜೊತೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮೇಡಂ, ಇಲ್ಲಿ ಸೈಟ್ ವೆಲ್ಡಿಂಗ್ ಬದಲು ಬೋಲ್ಟ್ ಹಾಕಬಹುದಾ?"

ಕೇಳುವುದರಲ್ಲಿ ತಪ್ಪೇನಿಲ್ಲ. ಎತ್ತರದಲ್ಲಿ ನಿಂತು ವೆಲ್ಡ್ ಮಾಡುವುದು ಕಷ್ಟ, ಒಳ್ಳೆಯ ವೆಲ್ಡರ್ ಸಿಗುವುದು ಇನ್ನೂ ಕಷ್ಟ. ಮಾಡಿದ್ದನ್ನು ಟೆಸ್ಟ್ ಮಾಡಿಸಬೇಕು, ಮಳೆ ಬಂದರೆ ಕೆಲಸ ನಿಲ್ಲಿಸಬೇಕು. ಬೋಲ್ಟ್ ಆದರೆ ಪೀಣ್ಯದ ಶಾಪಿನಲ್ಲೇ ತೂತು ಕೊರೆದು ಕಳಿಸಬಹುದು, ಸೈಟಿನಲ್ಲಿ ಬಿಗಿ ಮಾಡಿದರೆ ಆಯಿತು. ಹೆಚ್ಚಿನ ಸಲ ನಾನೂ ಹೂಂ ಅನ್ನುತ್ತೇನೆ. ಆದರೆ ಹೂಂ ಅನ್ನುವ ಮುಂಚೆ ಏನೇನು ನೋಡಬೇಕು ಅನ್ನುವುದನ್ನು ನಾನು ಕಲಿತದ್ದು ನ್ಯೂಯಾರ್ಕಿನ ಒಂದು ಬ್ಯಾಂಕ್ ಕಟ್ಟಡದಿಂದ. ನಮ್ಮ ಆಫೀಸಿಗೆ ಹೊಸದಾಗಿ ಸೇರುವ ಎಲ್ಲರಿಗೂ ಅದರ ಕತೆ ಹೇಳುತ್ತೇನೆ.

ಸಿಟಿಬ್ಯಾಂಕ್ ತನ್ನ ಕೇಂದ್ರ ಕಚೇರಿಗಾಗಿ ಮ್ಯಾನ್‌ಹಟನ್‌ನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಕಟ್ಟಿಸಿದ ಸಿಟಿಕಾರ್ಪ್ ಸೆಂಟರ್ ಅದು. 59 ಮಹಡಿ, 279 ಮೀಟರ್ ಎತ್ತರ. ಬಾಗಿಲು ತೆರೆದದ್ದು 1977ರಲ್ಲಿ. ಬ್ಯಾಂಕಿಗೆ ಬೇಕಾದ ಜಾಗದ ಒಂದು ಮೂಲೆಯಲ್ಲಿ ಸೇಂಟ್ ಪೀಟರ್ಸ್ ಲುಥೆರನ್ ಚರ್ಚ್ ಇತ್ತು. ಜಾಗ ಮಾರಲು ಚರ್ಚಿನವರು ಒಪ್ಪಿದರು, ಆದರೆ ಷರತ್ತು ಹಾಕಿದರು: ಅದೇ ಮೂಲೆಯಲ್ಲಿ ನಮಗೆ ಹೊಸ ಚರ್ಚ್ ಕಟ್ಟಿಕೊಡಬೇಕು, ಅದು ನಿಮ್ಮ ಗೋಪುರದಿಂದ ಬೇರೆಯಾಗಿ ನಿಲ್ಲಬೇಕು. ಹಾಗಾಗಿ ಗೋಪುರದ ಆ ಮೂಲೆಯಲ್ಲಿ ಕಂಬ ಇಳಿಸುವ ಹಾಗಿರಲಿಲ್ಲ.

ಆರ್ಕಿಟೆಕ್ಟ್ ಹ್ಯೂ ಸ್ಟಬ್ಬಿನ್ಸ್, ಸ್ಟ್ರಕ್ಚರಲ್ ಇಂಜಿನಿಯರ್ ವಿಲಿಯಂ ಲೆಮೆಷರ್. ಲೆಮೆಷರ್ ಹುಡುಕಿದ ದಾರಿ ಇವತ್ತಿಗೂ ನನಗೆ ಬೆರಗು ಹುಟ್ಟಿಸುತ್ತದೆ. ಸ್ಟೂಲಿನ ಕಾಲುಗಳನ್ನು ಮೂಲೆಯಿಂದ ಕಿತ್ತು ಪ್ರತಿ ಬದಿಯ ನಡುವಿಗೆ ಇಟ್ಟ ಹಾಗೆ, ಅವರು ನಾಲ್ಕು ದೈತ್ಯ ಕಂಬಗಳನ್ನು ನಾಲ್ಕು ಬದಿಗಳ ಮಧ್ಯಕ್ಕೆ ತಂದರು. ಒಂದೊಂದು ಕಂಬವೂ ಸುಮಾರು 35 ಮೀಟರ್ ಎತ್ತರ. ಮೂಲೆಗಳೆಲ್ಲ ಗಾಳಿಯಲ್ಲಿ ತೇಲುತ್ತವೆ, ಒಂದು ಮೂಲೆಯ ಕೆಳಗೆ ಚರ್ಚ್ ಕೂತಿದೆ.

ಮೂಲೆಯ ಭಾರ ನಡುವಿನ ಕಂಬಕ್ಕೆ ಬರಬೇಕಲ್ವಾ? ಅದಕ್ಕೆ ಎಂಟೆಂಟು ಮಹಡಿಗೆ ಒಂದರಂತೆ, ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ದೊಡ್ಡ ಓರೆ ಉಕ್ಕಿನ ತೊಲೆಗಳನ್ನು, ಅಂದರೆ ಬ್ರೇಸಿಂಗ್, ಕೊಟ್ಟರು. ಕಟ್ಟಡದ ಭಾರವನ್ನೂ ಗಾಳಿಯ ಬಲವನ್ನೂ ಅವೇ ಹೊರುತ್ತವೆ. ಈ ಉಪಾಯದಿಂದ ಉಕ್ಕು ತುಂಬ ಉಳಿಯಿತು, ಕಟ್ಟಡ ಹಗುರವಾಯಿತು. ಹಗುರವಾದದ್ದು ಗಾಳಿಗೆ ಹೆಚ್ಚು ತೂಗಾಡುತ್ತದೆ. ಅದನ್ನು ತಡೆಯಲು ತುದಿಯಲ್ಲಿ 400 ಟನ್ನಿನ ಕಾಂಕ್ರೀಟ್ ದಿಮ್ಮಿಯನ್ನು ಎಣ್ಣೆಯ ತೆಳು ಪದರದ ಮೇಲೆ ತೇಲುವಂತೆ ಇಟ್ಟರು. ಕಟ್ಟಡ ಒಂದು ಕಡೆ ವಾಲಿದರೆ ದಿಮ್ಮಿ ಹಿಂದೆ ಉಳಿದು ತೂಗಾಟ ತಗ್ಗಿಸುತ್ತದೆ. ಟ್ಯೂನ್ಡ್ ಮಾಸ್ ಡ್ಯಾಂಪರ್ ಅಂದರೆ ಅದೇ. ಅದು ಓಡಲು ಕರೆಂಟ್ ಬೇಕು. ಈ ಒಂದು ವಿಷಯ ನೆನಪಿರಲಿ.

ಆ ಬ್ರೇಸಿಂಗ್‌ನ ಜೋಡಣೆಗಳನ್ನು ಲೆಮೆಷರ್ ಪೂರ್ತಿ ವೆಲ್ಡ್ ಎಂದು ಬರೆದಿದ್ದರು. ಕಟ್ಟುವಾಗ ಉಕ್ಕಿನ ಕಂಪನಿ ಬೋಲ್ಟ್ ಸಾಕು ಎಂದು ಕೇಳಿತು. ಖರ್ಚು ಕಡಿಮೆ, ಕೆಲಸ ಬೇಗ. ಲೆಮೆಷರ್ ಅವರ ನ್ಯೂಯಾರ್ಕ್ ಆಫೀಸು ಒಪ್ಪಿತು. ಲೆಮೆಷರ್ ಕಿವಿಗೆ ಈ ವಿಷಯ ಬಿದ್ದದ್ದು 1978ರ ಮೇ ತಿಂಗಳಲ್ಲಿ, ಪಿಟ್ಸ್‌ಬರ್ಗಿನ ಬೇರೊಂದು ಕೆಲಸದ ಮಾತುಕತೆಯ ನಡುವೆ. ಆಗ ಅವರಿಗೂ ಗಾಬರಿಯಾಗಲಿಲ್ಲ. ಲೆಕ್ಕ ಮಾಡಿ ಹಾಕಿದ ಬೋಲ್ಟೂ ಗಟ್ಟಿಯೇ.

ಗಾಬರಿ ಹುಟ್ಟಿಸಿದ್ದು ಓರೆ ಗಾಳಿ. ಗಾಳಿ ಗೋಡೆಗೆ ನೇರವಾಗಿ ಬೀಸುವುದು ಒಂದು, ಮೂಲೆಯ ಕಡೆಯಿಂದ ಬಂದು ಎರಡು ಗೋಡೆಗೆ ಒಟ್ಟಿಗೆ ಹೊಡೆಯುವುದು ಇನ್ನೊಂದು. ನ್ಯೂಯಾರ್ಕಿನ ಆಗಿನ ನಿಯಮ ನೇರ ಗಾಳಿಯ ಲೆಕ್ಕವನ್ನಷ್ಟೇ ಕೇಳುತ್ತಿತ್ತು. ಪ್ರಿನ್ಸ್‌ಟನ್ನಿನಲ್ಲಿ ಓದುತ್ತಿದ್ದ ಡಯೇನ್ ಹಾರ್ಟ್ಲಿ 1978ರ ತಮ್ಮ ಪ್ರಬಂಧಕ್ಕಾಗಿ ಈ ಕಟ್ಟಡದ ಮೇಲೆ ಓರೆ ಗಾಳಿಯ ಲೆಕ್ಕ ಹಾಕಿದರು. ಬಲ ಜಾಸ್ತಿ ಬರುತ್ತಿದೆಯಲ್ಲ ಎಂದು ಲೆಮೆಷರ್ ಅವರ ಆಫೀಸಿನಲ್ಲಿ ಕೇಳಿದರು. ತೊಂದರೆ ಇಲ್ಲ ಅನ್ನುವ ಉತ್ತರ ಸಿಕ್ಕಿತು. ಆ ಬೇಸಿಗೆಯಲ್ಲಿ ಲೆಮೆಷರ್ ಸ್ವತಃ ಲೆಕ್ಕಕ್ಕೆ ಕೂತಾಗ, ಓರೆ ಗಾಳಿಗೆ ಕೆಲವು ಬ್ರೇಸ್‌ಗಳಲ್ಲಿ ಬಲ ಶೇ 40ರಷ್ಟು ಹೆಚ್ಚುವುದು ಕಂಡಿತು. ಜೋಡಣೆಗಳಲ್ಲಿ ಹೆಚ್ಚಿದ್ದು ಶೇ 160.

40 ಹೇಗೆ 160 ಆಯಿತು? ನಮ್ಮ ಆಫೀಸಿನ ಬೋರ್ಡಿನ ಮೇಲೆ ನಾನು ಪ್ರತಿ ಸಲ ಬರೆದು ತೋರಿಸುವುದು ಇದನ್ನೇ. ಬ್ರೇಸನ್ನು ಕಟ್ಟಡದ ಭಾರ ಒತ್ತುತ್ತದೆ, ಗಾಳಿ ಎಳೆಯುತ್ತದೆ. ಜೋಡಣೆಗೆ ಬರುವುದು ಇವೆರಡರ ವ್ಯತ್ಯಾಸ. ಗಾಳಿಯ ಎಳೆತ 100 ಇರಲಿ, ಭಾರದ ಒತ್ತಡ 75 ಇರಲಿ. ಬೋಲ್ಟ್ ತಡೆಯಬೇಕಾದದ್ದು ಬರೀ 25. ಈಗ ಗಾಳಿ ಶೇ 40 ಹೆಚ್ಚಿ 140 ಆಗಲಿ. ಭಾರ ಹೆಚ್ಚುವುದಿಲ್ಲ, ಅದು 75ರಲ್ಲೇ ಇರುತ್ತದೆ. ಬೋಲ್ಟಿನ ಪಾಲು 65. 25 ಇದ್ದದ್ದು 65, ಅಂದರೆ ಶೇ 160 ಹೆಚ್ಚಳ. (100 ಮತ್ತು 75 ನಾನು ವಿವರಿಸಲು ಹಿಡಿದ ಅಂಕಿಗಳು. ಲೆಕ್ಕದ ದಾರಿ ಮಾತ್ರ ಅದೇ.) ಪೂರ್ತಿ ವೆಲ್ಡ್ ಇದ್ದಿದ್ದರೆ ಜೋಡಣೆಗೆ ತೊಲೆಯಷ್ಟೇ ಶಕ್ತಿ ಇರುತ್ತಿತ್ತು, ಈ ಕಳೆಯುವ ಲೆಕ್ಕದ ಗೊಡವೆಯೇ ಇರುತ್ತಿರಲಿಲ್ಲ. ಬೋಲ್ಟ್ ಬಂದಾಗ ಎಷ್ಟು ಬೋಲ್ಟ್ ಅನ್ನುವ ಪ್ರಶ್ನೆ ಬಂತು. ಅದಕ್ಕೆ ಉತ್ತರ ಸಿಕ್ಕಿದ್ದು ಆ ಸಣ್ಣ ವ್ಯತ್ಯಾಸದಿಂದ. ಓರೆ ಗಾಳಿಯೊಂದೇ ಆಗಿದ್ದರೆ ಕಟ್ಟಡ ತಾಳುತ್ತಿತ್ತೇನೋ. ಬೋಲ್ಟೊಂದೇ ಆಗಿದ್ದರೂ ತಾಳುತ್ತಿತ್ತೇನೋ. ಎರಡೂ ಸೇರಿದವು.

ಲೆಮೆಷರ್ ಕೆನಡಾದ ಅಲನ್ ಡ್ಯಾವೆನ್‌ಪೋರ್ಟ್ ಹತ್ತಿರ ಹೋದರು. ಗಾಳಿ ಸುರಂಗದಲ್ಲಿ ಈ ಕಟ್ಟಡದ ಮಾದರಿಯನ್ನು ಪರೀಕ್ಷಿಸಿದ್ದವರು ಅವರೇ. ಆ ಅಂಕಿಗಳನ್ನೆಲ್ಲ ಹಿಡಿದು ಲೆಮೆಷರ್ ಒಂದೊಂದೇ ಜೋಡಣೆ ನೋಡಿದರು. ಎಲ್ಲಕ್ಕಿಂತ ದುರ್ಬಲ ಕಂಡದ್ದು 30ನೇ ಮಹಡಿಯದ್ದು. ಅವರ ಲೆಕ್ಕದ ಪ್ರಕಾರ, ಕರೆಂಟ್ ಹೋಗಿ ಡ್ಯಾಂಪರ್ ನಿಂತರೆ, ಸರಾಸರಿ 16 ವರ್ಷಕ್ಕೊಮ್ಮೆ ಬರುವಂಥ ಬಿರುಗಾಳಿ ಸಾಕಿತ್ತು ಆ ಜೋಡಣೆ ಮುರಿಯಲು. ಬಿರುಗಾಳಿಯಲ್ಲೇ ಕರೆಂಟ್ ಹೋಗುವುದು.

ಅವರು ಮುಚ್ಚಿಡಲಿಲ್ಲ. ವಿಮೆಯವರಿಗೆ, ವಕೀಲರಿಗೆ, ಆರ್ಕಿಟೆಕ್ಟಿಗೆ, ಕೊನೆಗೆ ಬ್ಯಾಂಕಿನ ಅಧ್ಯಕ್ಷ ವಾಲ್ಟರ್ ರಿಸ್ಟನ್ ಅವರಿಗೇ ಹೇಳಿದರು. ರಿಪೇರಿ ಹೇಗೆ ಅನ್ನುವುದನ್ನೂ ಜೊತೆಗೇ ತಂದಿದ್ದರು. 200ಕ್ಕೂ ಹೆಚ್ಚು ಜೋಡಣೆಗಳ ಮೇಲೆ ಎರಡು ಇಂಚು ದಪ್ಪದ ಉಕ್ಕಿನ ಪ್ಲೇಟ್ ಇಟ್ಟು ವೆಲ್ಡ್ ಮಾಡುವುದು. ಬ್ಯಾಂಕು ಜಗಳಕ್ಕೆ ನಿಲ್ಲದೆ ಒಪ್ಪಿತು. ಆಗಸ್ಟಿನಿಂದ ಅಕ್ಟೋಬರ್ ತನಕ, ಆಫೀಸಿನವರು ಮನೆಗೆ ಹೋದ ಮೇಲೆ, ಜೋಡಣೆಗಳ ಸುತ್ತ ಪ್ಲೈವುಡ್ ಮರೆ ಕಟ್ಟಿ ರಾತ್ರಿಯಿಡೀ ವೆಲ್ಡಿಂಗ್. ಡ್ಯಾಂಪರಿಗೆ ಜನರೇಟರ್ ಬಂತು. ಹವಾಮಾನ ತಜ್ಞರು ಕಾವಲು ಕೂತರು. ಸುತ್ತಲಿನ ಜನರನ್ನು ತೆರವು ಮಾಡಿಸುವ ಯೋಜನೆಯೂ ತಯಾರಾಯಿತು. ಸೆಪ್ಟೆಂಬರ್ ಮೊದಲಲ್ಲಿ ‘ಎಲ್ಲಾ’ (Ella) ಎಂಬ ಹೆಸರಿನ ಚಂಡಮಾರುತ ಕರಾವಳಿಯ ಕಡೆ ಬಂತು, ಆಮೇಲೆ ಕಡಲಿನತ್ತ ತಿರುಗಿತು.

ಲೆಮೆಷರ್ ಬಗ್ಗೆ ನನಗಿರುವ ಗೌರವ ದೊಡ್ಡದು. ಆದರೆ ಈ ಕತೆಯ ಒಂದು ಭಾಗವನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಕೆಲಸ ಮಾಡುವವರಿಗೆ, ಅಕ್ಕಪಕ್ಕ ಬದುಕುವವರಿಗೆ ನಿಜ ಹೇಳಲಿಲ್ಲ. ಆಗ ನ್ಯೂಯಾರ್ಕಿನ ಪತ್ರಿಕೆಗಳು ಮುಷ್ಕರದಲ್ಲಿದ್ದವು, ಹಾಗಾಗಿ ಸುದ್ದಿಯೂ ಆಗಲಿಲ್ಲ. ಜನರಿಗೆ ಪೂರ್ತಿ ಗೊತ್ತಾಗಿದ್ದು 1995ರಲ್ಲಿ, ಒಂದು ಪತ್ರಿಕೆಯ ಲೇಖನದಿಂದ. ಹಾರ್ಟ್ಲಿಗೂ ತಮ್ಮ ಪ್ರಶ್ನೆಗೆ ಎಷ್ಟು ಬೆಲೆ ಇತ್ತೆಂದು ಅದಾದ ಮೇಲೆಯೇ ತಿಳಿದದ್ದು. ಗಲಾಟೆ ಆಗಬಾರದು ಅನ್ನುವ ಕಾರಣ ನನಗೆ ಅರ್ಥವಾಗುತ್ತದೆ. ಆದರೆ ದಿನಾ ಆ ಲಿಫ್ಟ್ ಹತ್ತಿದವರಿಗೆ ತಿಳಿಯುವ ಹಕ್ಕಿತ್ತು.

ಈಗ ನಮ್ಮ ಶೆಡ್ಡುಗಳಿಗೆ ಬರೋಣ. 59 ಮಹಡಿಯ ಕತೆ ನಮಗ್ಯಾಕೆ ಎಂದು ಹೊಸಬರು ಕೇಳುತ್ತಾರೆ. ನಾನು ದಾಬಸ್‌ಪೇಟೆ ಕಡೆಯ ಯಾವುದಾದರೂ ಗೋದಾಮಿನ ಡ್ರಾಯಿಂಗ್ ತೆಗೆದು ಮುಂದಿಡುತ್ತೇನೆ. ಗಾಳಿ ಚಾವಣಿಯ ಶೀಟನ್ನು ಮೇಲಕ್ಕೆ ಎತ್ತುತ್ತದೆ, ಶೀಟು ಮತ್ತು ಉಕ್ಕಿನ ತೂಕ ಕೆಳಕ್ಕೆ ಹಿಡಿಯುತ್ತದೆ. ಕಂಬದ ಬುಡವನ್ನು ಅಡಿಪಾಯಕ್ಕೆ ಹಿಡಿದಿಡುವ ಆಂಕರ್ ಬೋಲ್ಟಿಗೆ ಬರುವುದು ಅದೇ ವ್ಯತ್ಯಾಸ. ಬೆಂಗಳೂರಿಗೆ ನಮ್ಮ ಕೋಡು (ಭಾರತದ ಕಟ್ಟಡ ನಿಯಮಾವಳಿ) ಹೇಳುವ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್. ಮಂಗಳೂರಿಗೆ 39, ಚೆನ್ನೈಗೆ 50. ಬಲ ಹೆಚ್ಚುವುದು ವೇಗದ ವರ್ಗದ ಲೆಕ್ಕದಲ್ಲಿ. ಇಲ್ಲಿ ಸರಿಯಾಗಿ ನಿಂತ ಶೆಡ್ಡಿನ ಡ್ರಾಯಿಂಗನ್ನೇ ಚೆನ್ನೈಗೆ ಕಳಿಸಿದರೆ ಗಾಳಿಯ ಬಲ ಎರಡು ಪಟ್ಟು ದಾಟುತ್ತದೆ, ಆಂಕರ್ ಬೋಲ್ಟಿನ ಎಳೆತ ಅದಕ್ಕಿಂತಲೂ ಬಹಳ ಮುಂದೆ ಹೋಗುತ್ತದೆ. ಉಕ್ಕಿನ ಕಟ್ಟಡಗಳಿಗಿರುವ ನಮ್ಮ ಕೋಡು ಐಎಸ್ 800 ಇದಕ್ಕೇ ಎಚ್ಚರಿಕೆ ಕೊಟ್ಟಿದೆ. ಸತ್ತ ಭಾರ (ಕಟ್ಟಡದ ಸ್ವಂತ ತೂಕ) ನಮಗೆ ಸಹಾಯ ಮಾಡುವ ಕಡೆ ಅದನ್ನು 0.9ರಿಂದ ಗುಣಿಸಿ ತಗ್ಗಿಸು, ಗಾಳಿಯನ್ನು 1.5ರಿಂದ ಹೆಚ್ಚಿಸು ಅನ್ನುತ್ತದೆ. ಈ ಸಾಲನ್ನು ಸಾಫ್ಟ್‌ವೇರ್ ತಾನಾಗೇ ಹಾಕಿಕೊಳ್ಳುತ್ತದೆ ಎಂದು ಸುಮ್ನೆ ಬಿಡುವವರೇ ಜಾಸ್ತಿ. ಅದು ಯಾಕಿದೆ ಎಂದು ತಿಳಿದವರು, ಮಾಲೀಕರು ಹಗುರ ಶೀಟು ಹಾಕಿಸುತ್ತೇನೆ ಎಂದು ಕೇಳಿದಾಗ ಶೀಟಿನ ಜೊತೆ ಆಂಕರ್ ಬೋಲ್ಟನ್ನೂ ನೋಡುತ್ತಾರೆ.

ಹಾಗಾಗಿ ನಮ್ಮಲ್ಲಿ ಕೆಲವು ಪದ್ಧತಿ ಇಟ್ಟುಕೊಂಡಿದ್ದೇವೆ. ಮುಖ್ಯ ಜೋಡಣೆಗಳ ಪಕ್ಕ ಡ್ರಾಯಿಂಗಿನಲ್ಲೇ ಬರೆಯುತ್ತೇವೆ: ಇಷ್ಟು ಎಳೆತ, ಇಷ್ಟು ಒತ್ತಡ, ಇದು ವ್ಯತ್ಯಾಸದ ಅಂಕಿಯೋ ಪೂರ್ತಿ ಅಂಕಿಯೋ. ಬರೀ ಬೋಲ್ಟಿನ ಸಂಖ್ಯೆ ಬರೆದರೆ ಮುಂದಿನವರಿಗೆ ಏನೂ ತಿಳಿಯುವುದಿಲ್ಲ. ವೆಲ್ಡನ್ನು ಬೋಲ್ಟಿಗೆ ಬದಲಿಸುವ ಕೋರಿಕೆ ಬಂದರೆ, ಇಡೀ ಕಟ್ಟಡದ ಗಾಳಿ ಲೆಕ್ಕ ಮಾಡಿದವರ ಸಹಿ ಇಲ್ಲದೆ ಅದು ಹೊರಗೆ ಹೋಗುವುದಿಲ್ಲ. ಅವರು ರಜೆಯಲ್ಲಿದ್ದರೆ ಕಾಯುತ್ತೇವೆ. ಸೈಟಿನಿಂದ ಕ್ರೇನ್ ಬಾಡಿಗೆ ಹೇಳಿ ಒತ್ತಡ ಹಾಕುತ್ತಾರೆ, ಆದರೂ ಕಾಯುತ್ತೇವೆ.

ಇನ್ನೊಂದು, ಟ್ರೇನಿಗಳ ಪ್ರಶ್ನೆ. "ಅದೆಲ್ಲ ಸರಿಯಾಗಿದೆ ಬಿಡಮ್ಮ" ಎಂದು ಹೇಳುವುದನ್ನು ನಾನು ನಮ್ಮ ತಂಡದಲ್ಲಿ ನಿಲ್ಲಿಸಿದ್ದೇನೆ. ಯಾರೇ ಕೇಳಲಿ, ಉತ್ತರ ಲೆಕ್ಕದ ಹಾಳೆಯಲ್ಲೇ ಕೊಡಬೇಕು. ಇತ್ತೀಚೆಗೆ ಸೇರಿದ ಹುಡುಗಿಯೊಬ್ಬಳು ಒಂದು ಚೌಕ ಕಟ್ಟಡಕ್ಕೆ ಓರೆ ಗಾಳಿ ಯಾಕೆ ಹಾಕಿಲ್ಲ ಎಂದು ಕೇಳಿದಳು. ಲ್ಯಾಟಿಸ್ ಟವರಿಗೆ (ಕರೆಂಟ್ ತಂತಿ ಹೊರುವಂಥ ಜಾಲರಿ ಗೋಪುರಕ್ಕೆ) ನಾವು ಓರೆ ಗಾಳಿ ನೋಡೇ ನೋಡುತ್ತೇವೆ, ಕಟ್ಟಡಕ್ಕೆ ಅಷ್ಟಾಗಿ ನೋಡುವುದಿಲ್ಲ. ಅವಳ ಕೈಯಲ್ಲೇ ಲೆಕ್ಕ ಮಾಡಿಸಿದೆ. ಆ ಕಟ್ಟಡದಲ್ಲಿ ನೇರ ಗಾಳಿಯೇ ಹೆಚ್ಚಿನ ಬಲ ಕೊಡುತ್ತಿತ್ತು, ಡ್ರಾಯಿಂಗಿನಲ್ಲಿ ಏನೂ ಬದಲಾಗಲಿಲ್ಲ. ಆ ಹಾಳೆಯನ್ನು ಅವಳ ಹೆಸರಿನೊಂದಿಗೆ ಕಡತಕ್ಕೆ ಸೇರಿಸಿದ್ದೇವೆ.